38 ದೊಡ್ಡದೋ, 11 ದೊಡ್ಡದೋ?

ಈ ಸಲದ ಅಂಚೆ ಸ್ವಲ್ಪ ವಿಚಿತ್ರ. ರೋಗಗಳ ಬಗ್ಗೆ ಕೇಳಿದವರಿಗಿಂತ ರೋಗಗಳ ಮೇಲೆ ಸಂಶೋಧನೆ ಮಾಡುವವರ ಬಗ್ಗೆ ಕೇಳಿದವರೇ ಜಾಸ್ತಿ. ಯಾರು ದೊಡ್ಡವರು, ಯಾರು ಸಣ್ಣವರು, ಅಳೆಯುವುದು ಹೇಗೆ ಅಂತ. ನಾನು ಡಾಕ್ಟರ್ ಅಲ್ಲ. ಬಳ್ಳಾರಿಯಲ್ಲಿ ಲೈಬ್ರರಿ ಕೆಲಸ ಮಾಡಿ ನಿವೃತ್ತನಾದವನು. ಬಡ್ತಿ ಅರ್ಜಿ ಹಿಡಿದು ಬರುತ್ತಿದ್ದ ಮೇಷ್ಟ್ರುಗಳಿಗೆ ಉಲ್ಲೇಖ ಎಣಿಸಿ ಕೊಟ್ಟು ಕೊಟ್ಟು ಕನ್ನಡಕ ಬಂತು. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ರೈಸ್ ಮಿಲ್. ಮಗಳು ಮೈಕ್ರೋಬಯಾಲಜಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿದ್ದಾಳೆ. ಸಾಂಕ್ರಾಮಿಕ ರೋಗಗಳ ಮೇಲೆ ಕೆಲಸ ಮಾಡಬೇಕಂತೆ. ಇಬ್ಬರು ಒಪ್ಪಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ 38, ಇನ್ನೊಬ್ಬರದು 11. ನಾನು 38 ಅಂದೆ, ಅವಳು 11 ಅನ್ನುತ್ತಾಳೆ. ವಾರದಿಂದ ಮನೆಯಲ್ಲಿ ಮಾತಿಲ್ಲ. ಅಂಕಿ ಸುಳ್ಳು ಹೇಳುತ್ತಾ ಸರ್?
– ಗಂಗಾವತಿಯ ಒಬ್ಬ ತಂದೆ

ಅಂಕಿ ಸುಳ್ಳು ಹೇಳುವುದಿಲ್ಲ ಸಾಹುಕಾರ್ರೆ. ಆದರೆ ನೀವು ಕೇಳಿದ್ದೊಂದು, ಅದು ಹೇಳಿದ್ದೊಂದು.

ಮೊದಲು ಈ ಎಚ್-ಇಂಡೆಕ್ಸ್ ಏನು ನೋಡೋಣ. ಒಬ್ಬರು ಪೇಪರ್, ಅಂದರೆ ಸಂಶೋಧನಾ ಲೇಖನ ಬರೆಯುತ್ತಾರೆ. ಮುಂದೆ ಬೇರೆಯವರು ತಮ್ಮ ಪೇಪರಿನ ಕೊನೆಯ ಪಟ್ಟಿಯಲ್ಲಿ ಅದನ್ನು ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. ಈಗ ಆ ಮನುಷ್ಯನ ಪೇಪರುಗಳನ್ನೆಲ್ಲ ಸಾಲಾಗಿ ಹಚ್ಚಿ, ಉಲ್ಲೇಖ ಜಾಸ್ತಿ ಇರುವುದು ಮೊದಲು. ಮೊದಲನೆಯದಕ್ಕೆ 50 ಉಲ್ಲೇಖ, ಎರಡನೆಯದಕ್ಕೆ 22, ಮೂರನೆಯದಕ್ಕೆ 9, ನಾಲ್ಕನೆಯದಕ್ಕೆ 6, ಐದನೆಯದಕ್ಕೆ 5, ಆರನೆಯದಕ್ಕೆ 3 ಅಂತ ಇಟ್ಟುಕೊಳ್ಳಿ. ಎಣಿಸುತ್ತಾ ಹೋದರೆ ಐದನೆಯ ಪೇಪರಿಗೆ ಐದು ಉಂಟು, ಆರನೆಯದಕ್ಕೆ ಆರು ಇಲ್ಲ. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ 5. ಇಷ್ಟೇ ವಿದ್ಯೆ. ಹೋರ್ಹೆ ಹಿರ್ಷ್ ಎಂಬ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ 2005ರಲ್ಲಿ ಇದನ್ನು ಹೇಳಿದರು.

ಈಗ ಅದೇ ಸಾಲಿನಲ್ಲಿ ಮೊದಲ ಪೇಪರಿಗೆ 50ರ ಬದಲು 5,000 ಉಲ್ಲೇಖ ಬಂತು ಅಂದುಕೊಳ್ಳಿ. ಎಚ್-ಇಂಡೆಕ್ಸ್ ಎಷ್ಟಾಯಿತು? ಆಗಲೂ 5. ಒಂದೇ ಒಂದು ಪೇಪರಿನಿಂದ ಇಡೀ ರೋಗದ ತಿಳಿವಳಿಕೆ ತಿರುಗಿಬಿದ್ದರೂ ಈ ಅಂಕಿಗೆ ಅದರ ಸುದ್ದಿಯೇ ಇಲ್ಲ. ಇನ್ನೊಂದು ಗುಣ, ಇದು ಏರುತ್ತದೆ ಹೊರತು ಇಳಿಯುವುದಿಲ್ಲ. ಹತ್ತು ವರ್ಷದಿಂದ ಲ್ಯಾಬಿಗೆ ಕಾಲಿಡದವರದ್ದೂ ಏರುತ್ತದೆ, ನಿವೃತ್ತರದ್ದೂ ಏರುತ್ತದೆ, ತೀರಿಹೋದವರದ್ದೂ ಏರುತ್ತದೆ. ಹಾಗಾಗಿ ಮೊದಲು ಇಬ್ಬರ ವಯಸ್ಸು ಕೇಳಿ. 38ರವರು ಮೂವತ್ತು ವರ್ಷದಿಂದ ಬರೆಯುತ್ತಿದ್ದು, 11ರವರು ಏಳೆಂಟು ವರ್ಷದಿಂದ ಬರೆಯುತ್ತಿದ್ದರೆ ನಿಮ್ಮ ಹೋಲಿಕೆ ಅಲ್ಲಿಗೇ ಮುಗಿಯಿತು.

ಎರಡನೆಯದು, ಯಾವ ರೋಗ? ನಿಮಗೆ ನಾನು ಹೇಳಬೇಕಿಲ್ಲ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಎಕರೆಗೆ ಇಷ್ಟು ಚೀಲ ಭತ್ತ ಬಂತು, ಕುಷ್ಟಗಿಯ ಮಸಾರಿ ಹೊಲದ ಎಕರೆಗೆ ಸಜ್ಜೆ ಇಷ್ಟೇ ಬಂತು, ಆದ್ದರಿಂದ ಕುಷ್ಟಗಿ ರೈತ ಸೋಮಾರಿ ಅಂದರೆ ಯಾರಾದರೂ ಒಪ್ಪುತ್ತಾರಾ? ಸಂಶೋಧನೆಯಲ್ಲೂ ಕಾಲುವೆ ಕೆಳಗಿನ ಹೊಲಗಳಿವೆ. 2020ರಲ್ಲಿ ಕೋವಿಡ್ ಮೇಲೆ ಬರೆದವರಿಗೆ ಉಲ್ಲೇಖದ ಹೊಳೆಯೇ ಹರಿಯಿತು, ಯಾಕಂದರೆ ಓದುವವರು, ಬರೆಯುವವರು ಲಕ್ಷಗಟ್ಟಲೆ. ಆನೆಕಾಲು ರೋಗದ ಮೇಲೋ ಇಲಿಜ್ವರದ ಮೇಲೋ ಕೆಲಸ ಮಾಡುವವರು ಲೋಕದಲ್ಲೇ ಸ್ವಲ್ಪ ಜನ. ಉಲ್ಲೇಖ ಕೊಡುವ ಕೈಗಳೇ ಕಡಿಮೆ ಇದ್ದರೆ ಅಂಕಿ ಎಲ್ಲಿಂದ ಬರಬೇಕು? ಇದನ್ನು ಸರಿಪಡಿಸಿ ನೋಡುವ ಅಳತೆಗಳೂ ಇವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರ ಐಸೈಟ್ ಅನ್ನುವ ಜಾಲತಾಣ ಬಿಟ್ಟಿ ಸಿಗುತ್ತದೆ. ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರುಗಳ ಜಾಲತಾಣದ ಪಟ್ಟಿಯಲ್ಲಿರುವ ಪೇಪರನ್ನು ಅದೇ ವಿಷಯದ, ಅದೇ ಕಾಲದ ಪೇಪರುಗಳ ಜೊತೆ ತೂಗಿ ಒಂದು ಅಂಕಿ ಕೊಡುತ್ತದೆ. 1 ಬಂದರೆ ನಡುಮಟ್ಟ, 2 ಬಂದರೆ ಅದರ ಎರಡರಷ್ಟು. ಮಗಳಿಗೆ ಹೇಳಿ, ಅರ್ಧ ಗಂಟೆ ಕೆಲಸ.

ಮೂರನೆಯದು ಹೆಸರಿನ ಜಾಗ. ನಮ್ಮ ವೈದ್ಯಕೀಯ ಪೇಪರುಗಳಲ್ಲಿ ಸಾಲಿಗೆ ಒಂದು ಅರ್ಥ ಇದೆ. ಮೊದಲ ಹೆಸರು ಸಾಮಾನ್ಯವಾಗಿ ಕೈಕೆಸರು ಮಾಡಿಕೊಂಡವರದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ನಡುವಿನಲ್ಲಿ ಯಾರು ಬೇಕಾದರೂ ಇರಬಹುದು. ಲೋಕದ ರೋಗಗಳ ಹೊರೆಯನ್ನು ಲೆಕ್ಕ ಹಾಕುವ ದೊಡ್ಡ ಪೇಪರುಗಳಲ್ಲಿ ನೂರಾರು ಲೇಖಕರಿರುತ್ತಾರೆ, ಸಾವಿರಗಟ್ಟಲೆ ಉಲ್ಲೇಖ ಬರುತ್ತವೆ, ಅಷ್ಟೂ ಜನರ ಖಾತೆಗೆ ಪೂರ್ತಿ ಜಮಾ. ಅದು ಮೋಸ ಅಂತ ನಾನು ಹೇಳುತ್ತಿಲ್ಲ. ಆದರೆ 38ರಲ್ಲಿ ಅಂಥವು ಎಷ್ಟು, ಅವರೇ ಮೊದಲ ಅಥವಾ ಕೊನೆಯ ಹೆಸರಾಗಿರುವುದು ಎಷ್ಟು ಅಂತ ನೋಡಬೇಕು.

ಇನ್ನು ಹೆಸರಿನದೇ ಇನ್ನೊಂದು ತಮಾಷೆ. ನಮ್ಮ ಕಡೆ ಬಸವರಾಜರು, ಮಂಜುನಾಥರು, ವೀರೇಶರು ಎಷ್ಟು ಜನ ಇಲ್ಲ ಹೇಳಿ. ಒಬ್ಬರೇ ಮನುಷ್ಯ ಒಂದು ಪೇಪರಿನಲ್ಲಿ ಇನಿಷಿಯಲ್ ಮುಂದೆ ಹಾಕುತ್ತಾರೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಮನೆತನದ ಹೆಸರು. ಪೇಪರು ಹುಡುಕಿ ಉಲ್ಲೇಖ ಎಣಿಸುವ ಗೂಗಲ್ ಸ್ಕಾಲರ್ ಪಾಪ ಏನು ಮಾಡಬೇಕು? ನಾನೇ ನೋಡಿದ್ದೇನೆ, ಚರ್ಮರೋಗದ ಡಾಕ್ಟರೊಬ್ಬರ ಖಾತೆಯಲ್ಲಿ ಸೇತುವೆ ಕಟ್ಟುವ ಪೇಪರು ಇತ್ತು, ಉಲ್ಲೇಖಗಳ ಸಮೇತ. ಅವರಿಗೆ ತೋರಿಸಿದೆ. ನಕ್ಕರು, ತೆಗೆಯಲಿಲ್ಲ. ಇದಕ್ಕೆಂದೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಬಂದಿದೆ, ಸಂಶೋಧಕರ ಆಧಾರ್ ಇದ್ದ ಹಾಗೆ. ಅದಿದ್ದರೆ ಹುಡುಕುವುದು ಸುಲಭ. ಮತ್ತೆ ಅಂಕಿ ಎಲ್ಲಿಂದ ತೆಗೆದದ್ದು ಅನ್ನುವುದನ್ನೂ ಕೇಳಿ. ಗೂಗಲ್ ಸ್ಕಾಲರ್ ಸಿಕ್ಕಿದ್ದನ್ನೆಲ್ಲ ಎಣಿಸುತ್ತದೆ, ಸ್ಕೋಪಸ್ ಎಂಬ ಇನ್ನೊಂದು ಉಲ್ಲೇಖ ಭಂಡಾರ ತನ್ನ ಪಟ್ಟಿಯಲ್ಲಿರುವ ಪತ್ರಿಕೆಗಳನ್ನು ಮಾತ್ರ ಎಣಿಸುತ್ತದೆ. ಹಾಗಾಗಿ ಒಬ್ಬರೇ ಮನುಷ್ಯನಿಗೆ ಗೂಗಲ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಒಬ್ಬರದು ಅಲ್ಲಿಂದ, ಇನ್ನೊಬ್ಬರದು ಇಲ್ಲಿಂದ ತೆಗೆದು ಹೋಲಿಸಿದರೆ ಒಂದು ತಕ್ಕಡಿಗೆ ಎರಡು ಬಗೆಯ ಕಲ್ಲು ಇಟ್ಟ ಹಾಗೆ.

ಅಂಕಿಯನ್ನೇ ನಂಬುತ್ತೇನೆ ಅನ್ನುವವರಿಗೆ ನಾನು ಯಾವಾಗಲೂ ಶಂಭುನಾಥ ಡೇ ಅವರ ಕತೆ ಹೇಳುತ್ತೇನೆ. ಕೋಲ್ಕತ್ತದ ರೋಗವಿಜ್ಞಾನಿ. ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1884ರಲ್ಲೇ ಹಿಡಿದಿದ್ದರು, ಆದರೆ ಅದು ಮನುಷ್ಯನನ್ನು ಹೇಗೆ ಒಣಗಿಸಿ ಕೊಲ್ಲುತ್ತದೆ ಅನ್ನುವುದು ಅದಾಗಿ ಎಪ್ಪತ್ತು ವರ್ಷವಾದರೂ ಬಗೆಹರಿದಿರಲಿಲ್ಲ. ಡೇ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ ಅದರೊಳಗೆ ಪ್ರಯೋಗ ಮಾಡಿದರು. 1959ರಲ್ಲಿ, ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ಬರೀ ದ್ರವ ಹಾಕಿದರೂ ಕರುಳಲ್ಲಿ ನೀರು ತುಂಬುತ್ತದೆ ಎಂದು ತೋರಿಸಿ ನೇಚರ್ ಪತ್ರಿಕೆಯಲ್ಲಿ ಬರೆದರು. ಅಂದರೆ ಬ್ಯಾಕ್ಟೀರಿಯಾ ಬಿಡುವ ವಿಷವೇ ಅಪರಾಧಿ. ಕಾಲರಾ ಸಂಶೋಧನೆ ದಿಕ್ಕು ಬದಲಿಸಿದ್ದು ಅಲ್ಲಿಂದ. ಆದರೆ ಆ ಪೇಪರನ್ನು ಮೊದಲ ಕೆಲವು ವರ್ಷ ಹೆಚ್ಚಿನವರು ಗಮನಿಸಲೇ ಇಲ್ಲ. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಅವರು ಡೇ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು, ಬರಲಿಲ್ಲ. 1985ರಲ್ಲಿ ಡೇ ತೀರಿಕೊಂಡರು. ಮರುವರ್ಷ ಅವರ ಕೆಲಸದ ಮೇಲೆ ಉದ್ದದ ಲೇಖನ ಬರೆದವರು ಯಾರು ಗೊತ್ತಾ? ಯೂಜೀನ್ ಗಾರ್ಫೀಲ್ಡ್. ಉಲ್ಲೇಖ ಎಣಿಸುವ ಪದ್ಧತಿಯನ್ನೇ ಕಟ್ಟಿದ ಮನುಷ್ಯ. ತಕ್ಕಡಿ ಮಾಡಿದವನೇ ಬಂದು, ಇವರನ್ನು ಲೋಕ ಗುರುತಿಸುವುದು ತಡವಾಯಿತು ಅಂತ ಬರೆದಂತಾಯಿತು.

ಇಷ್ಟು ಓದಿ 11ರವರೇ ಸರಿ ಅಂತ ಹೊರಡಬೇಡಿ. 11 ಅಂದರೆ ಮರೆಯಲ್ಲಿರುವ ಡೇ ಅಂತ ಅರ್ಥವಲ್ಲ, ಸುಮ್ನೆ 11 ಕೂಡ ಇರಬಹುದು. ಇಬ್ಬರದ್ದೂ ಕಳೆದ ಐದು ವರ್ಷದ ಪೇಪರು ತೆಗೆಯಿರಿ. ಮೊದಲ ಹೆಸರು ವಿದ್ಯಾರ್ಥಿಗಳದ್ದಾ ನೋಡಿ. ಅವರ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಪಿಎಚ್.ಡಿ. ಮುಗಿಸಿದರು, ಈಗ ಎಲ್ಲಿದ್ದಾರೆ ಅಂತ ಇಬ್ಬರಿಗಾದರೂ ಫೋನ್ ಮಾಡಿಸಿ. ಯಾವುದಾದರೂ ಪೇಪರು ತಪ್ಪಿಗಾಗಿ ವಾಪಸ್ ಆಗಿದೆಯಾ ಅಂತಲೂ ನೋಡಿ, ಪಬ್‌ಮೆಡ್‌ನಲ್ಲಿ ಅಂಥದ್ದರ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಮತ್ತೆ, ಇದನ್ನು ಮೊದಲೇ ಹೇಳಬೇಕಿತ್ತು, ಮಗಳು 11 ಅನ್ನುತ್ತಿರುವುದು ಯಾಕೆ ಅಂತ ಕಾಗದದಲ್ಲಿ ಬರೆದೇ ಇಲ್ಲವಲ್ಲ ನೀವು. ಕೇಳಿದಿರಾ?

ಪ್ರಶ್ನೆ: ನಮ್ಮೂರಲ್ಲಿ ಒಬ್ಬ ಪ್ರೊಫೆಸರರಿಗೆ ‘ವಿಶ್ವದ ಶೇ. 2ರ ವಿಜ್ಞಾನಿ, ಸ್ಟ್ಯಾನ್‌ಫೋರ್ಡ್ ಪ್ರಶಸ್ತಿ’ ಎಂದು ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿದ್ದಾರೆ. ಅದು ನಿಜವೇ?
– ಕೊಪ್ಪಳದ ಓದುಗ

ಪಟ್ಟಿ ನಿಜ, ಪ್ರಶಸ್ತಿ ಅನ್ನುವುದು ಫ್ಲೆಕ್ಸ್ ಅಂಗಡಿಯವರ ಸೇರ್ಪಡೆ. ಸ್ಟ್ಯಾನ್‌ಫೋರ್ಡ್‌ನ ಪ್ರೊಫೆಸರ್ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್‌ನ ಅಂಕಿಗಳಿಂದ ತಯಾರಿಸುವ ಪಟ್ಟಿ ಅದು. ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರ ಎಂದು ಹಂಚಿಕೊಂಡು, ಒಂದೊಂದರಲ್ಲೂ ಮೇಲಿನವರನ್ನು ಆರಿಸುತ್ತಾರೆ. ಯಾರೂ ಅರ್ಜಿ ಹಾಕಿಲ್ಲ, ಯಾರೂ ಹಾರ ಹಾಕಿಲ್ಲ. ಒಟ್ಟು ಎರಡು ಲಕ್ಷದಷ್ಟು ಹೆಸರುಗಳಿರುವ ಎಕ್ಸೆಲ್ ಫೈಲು.

ಆದರೆ ಅದನ್ನು ಕೀಳಾಗಿ ನೋಡಬೇಕಿಲ್ಲ, ಬರೀ ಎಚ್-ಇಂಡೆಕ್ಸ್‌ಗಿಂತ ಚೆನ್ನಾಗಿದೆ. ಒಂಟಿ ಲೇಖಕರಾ, ಮೊದಲ ಹೆಸರಾ, ಕೊನೆಯ ಹೆಸರಾ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದು ಒಂದು ಲೆಕ್ಕ, ಕಳೆಯದೆ ಒಂದು ಲೆಕ್ಕ ಕೊಡುತ್ತದೆ. ಅಲ್ಲಿ ಎರಡು ಪಟ್ಟಿ ಇವೆ, ಇಡೀ ವೃತ್ತಿಯದ್ದು ಒಂದು, ಬರೀ ಒಂದು ವರ್ಷದ್ದು ಇನ್ನೊಂದು. ಫ್ಲೆಕ್ಸಿನಲ್ಲಿ ಯಾವುದು ಅಂತ ಬರೆದಿರುವುದಿಲ್ಲ. ಫೈಲು ಬಿಟ್ಟಿ ಸಿಗುತ್ತದೆ, ಹೆಸರು ಹುಡುಕಿ, ಸ್ವಂತ ಉಲ್ಲೇಖ ಎಷ್ಟು ಪಾಲು ಅನ್ನುವ ಕಾಲಂ ಒಮ್ಮೆ ನೋಡಿ. ಸ್ವಲ್ಪ ಇದ್ದೇ ಇರುತ್ತದೆ, ಹಳೆಯ ಕೆಲಸದ ಮೇಲೆಯೇ ಹೊಸದನ್ನು ಕಟ್ಟುವುದಲ್ವಾ. ಅರ್ಧಕ್ಕರ್ಧ ಇದ್ದರೆ, ಫ್ಲೆಕ್ಸ್ ಹಾಕಿಸಿದವರೂ ಅವರೇ ಇರಬಹುದು.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್. ಡೆಂಗಿ ಅಧ್ಯಯನ ಅಂತ ಎರಡು ಮಳೆಗಾಲ ಓಣಿ ಓಣಿ ಸುತ್ತಿ ತೊಟ್ಟಿ, ಡ್ರಮ್ಮು ಬಗ್ಗಿ ನೋಡಿ ಸೊಳ್ಳೆ ಮರಿ ಎಣಿಸಿದೆ. ರಕ್ತ ತೆಗೆದೆ, ಪರೀಕ್ಷೆ ಮಾಡಿದೆ. ಪೇಪರು ಬಂತು. ನನ್ನ ಹೆಸರಿಲ್ಲ. ಒಂದು ದಿನವೂ ಫೀಲ್ಡಿಗೆ ಬಾರದವರ ಹೆಸರು ಎರಡನೆಯದು. ಇದು ಸರೀನಾ?
– ಹೆಸರು ಹಾಕಬೇಡಿ, ರಾಯಚೂರು

ಸರಿ ಇಲ್ಲ ತಮ್ಮಾ. ಆದರೆ ನಿಯಮ ಸ್ವಲ್ಪ ಸೂಕ್ಷ್ಮವಾಗಿದೆ, ಅದನ್ನು ತಿಳಿದುಕೊಂಡು ಮಾತಾಡಿದರೆ ನಿನಗೇ ಒಳ್ಳೆಯದು.

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯೊಂದು ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತು ಹಾಕಿದೆ. ಅಧ್ಯಯನದ ಯೋಜನೆಯಲ್ಲೋ, ಮಾಹಿತಿ ಸಂಗ್ರಹದಲ್ಲೋ, ವಿಶ್ಲೇಷಣೆಯಲ್ಲೋ ದೊಡ್ಡ ಪಾಲು ಇರಬೇಕು. ಪೇಪರು ಬರೆಯುವುದರಲ್ಲಿ ಇಲ್ಲವೆ ತಿದ್ದುವುದರಲ್ಲಿ ಕೈ ಇರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಮುಂದೆ ಯಾರಾದರೂ ಪ್ರಶ್ನೆ ಎತ್ತಿದರೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಮೊದಲನೆಯದು ನಿನ್ನಲ್ಲಿದೆ. ಉಳಿದವು ಇಲ್ಲ ಅಂತ ಅವರು ಹೇಳುತ್ತಾರೆ. ಆಗ ನೀನು ಹೇಳಬೇಕಾದ ಮಾತು ಇದು: ಮೊದಲ ಷರತ್ತು ಪೂರೈಸಿದವರಿಗೆ ಉಳಿದವುಗಳಲ್ಲಿ ಭಾಗವಹಿಸಲು ಅವಕಾಶ ಕೊಡಬೇಕು ಅಂತಲೂ ಅದೇ ನಿಯಮದಲ್ಲಿ ಬರೆದಿದೆ. ಕರಡನ್ನು ತೋರಿಸದೇ ಇದ್ದು, ಆಮೇಲೆ ನೀನು ಕರಡು ಓದಿಲ್ಲ ಅನ್ನುವುದು ಯಾವ ನ್ಯಾಯ? ಫೀಲ್ಡಿಗೂ ಬಾರದೆ, ಬರೆಯದೆ ಹೆಸರು ಸೇರಿಸಿಕೊಂಡರೆ ಅದಕ್ಕೆ ಉಡುಗೊರೆ ಲೇಖಕತ್ವ ಅನ್ನುತ್ತಾರೆ. ಅವರ ಎಚ್-ಇಂಡೆಕ್ಸಿನಲ್ಲಿ ನಿನ್ನ ಬೆವರಿನ ಪಾಲೂ ಇದೆ, ಗಂಗಾವತಿ ಸಾಹುಕಾರ್ರು ಇದನ್ನು ಓದಲಿ.

ಈಗ ಅನೇಕ ಪತ್ರಿಕೆಗಳು ಯಾರು ಏನು ಮಾಡಿದರು ಅಂತ 14 ಬಗೆಯ ಕೆಲಸಗಳ ಪಟ್ಟಿಯಲ್ಲಿ ಗುರುತು ಹಾಕಿಸುತ್ತವೆ. ಮುಂದಿನ ಅಧ್ಯಯನ ಶುರುವಾಗುವ ಮೊದಲೇ, ಡಬ್ಬಿ ಟಾರ್ಚು ಕೈಗೆ ತಗೊಳ್ಳುವ ಮೊದಲೇ, ಹೆಸರಿನ ಮಾತು ಆಡಿಬಿಡು, ಸಾಧ್ಯವಾದರೆ ಇಮೇಲ್‌ನಲ್ಲಿ. ಕೃತಜ್ಞತೆಯಲ್ಲಾದರೂ ಹೆಸರು ಬರಲೇಬೇಕು. ಇನ್ನೊಂದು ಮಾತು, ನೀನು ಮನೆ ಮನೆ ಎಣಿಸಿದ್ದರಿಂದ ಬರುವ ಅಂಕಿಗೂ ಇಂಡೆಕ್ಸ್ ಅಂತಲೇ ಹೆಸರು. ನೂರು ಮನೆಗೆ ಎಷ್ಟು ಪಾತ್ರೆಗಳಲ್ಲಿ ಮರಿ ಸಿಕ್ಕವು ಅನ್ನುವುದು ಬ್ರೆಟೋ ಇಂಡೆಕ್ಸ್. ಆ ಇಂಡೆಕ್ಸ್ ನೋಡಿ ಯಾವ ಓಣಿಗೆ ಮೊದಲು ಹೋಗಬೇಕು ಅಂತ ತೀರ್ಮಾನಿಸಬಹುದು. ಎಚ್-ಇಂಡೆಕ್ಸ್ ನೋಡಿ ಒಂದು ಸೊಳ್ಳೆಯನ್ನೂ ಹೊಡೆಯಲು ಬರುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಪೇಪರು, ಇಷ್ಟೆಲ್ಲ ಅಂಕಿ. ಆದರೂ ನಮ್ಮಲ್ಲಿ ಪ್ರತಿ ಮಳೆಗಾಲ ಡೆಂಗಿ ಇದ್ದೇ ಇದೆ. ಹಾಗಾದರೆ ಈ ಸಂಶೋಧನೆಯಿಂದ ಆದದ್ದೇನು?
– ಅಂಗನವಾಡಿ ಕಾರ್ಯಕರ್ತೆ, ಲಿಂಗಸುಗೂರು

ಅಕ್ಕಾ, ಈ ಕಂತೆಯಲ್ಲಿ ಇದೇ ಒಳ್ಳೆಯ ಪ್ರಶ್ನೆ. ಉತ್ತರ ಕೊಡಲು ನಾನು ಎರಡು ಹಳೆಯ ಕತೆಗಳ ಹತ್ತಿರ ಹೋಗಬೇಕು.

ನಾರುಹುಣ್ಣು ಕೇಳಿದ್ದೀರಾ? ನಿಮ್ಮ ಅಜ್ಜಿಯನ್ನು ಕೇಳಿ. ಕಾಲಲ್ಲಿ ಗುಳ್ಳೆ ಎದ್ದು, ಒಡೆದು, ಒಳಗಿಂದ ದಾರದಂಥ ಹುಳು ಹೊರಬರುತ್ತಿತ್ತು, ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ಕಡ್ಡಿಗೆ ಸುತ್ತುತ್ತಾ ದಿನಕ್ಕಿಷ್ಟು ಎಳೆಯಬೇಕು, ತುಂಡಾದರೆ ಇನ್ನೂ ಕಷ್ಟ. ಕರ್ನಾಟಕವೂ ಆ ರೋಗ ಇದ್ದ ರಾಜ್ಯಗಳಲ್ಲಿ ಒಂದು. ಮೆಟ್ಟಿಲು ಬಾವಿಗೆ ಹುಣ್ಣಿನ ಕಾಲಿಟ್ಟು ಇಳಿದಾಗ ಮರಿಗಳು ನೀರಿಗೆ ಸೇರುತ್ತಿದ್ದವು, ಸೈಕ್ಲಾಪ್ಸ್ ಎಂಬ ಸಣ್ಣ ನೀರುಹುಳ ಅವನ್ನು ನುಂಗುತ್ತಿತ್ತು, ಆ ನೀರು ಕುಡಿದವರಿಗೆ ವರ್ಷದ ಮೇಲೆ ಹುಳು. ಇದಕ್ಕೆ ಲಸಿಕೆ ಇರಲಿಲ್ಲ, ಇವತ್ತಿಗೂ ಇಲ್ಲ. ಮದ್ದೂ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸಿ ಕುಡಿಯಿರಿ ಅಂದರು, ಮೆಟ್ಟಿಲು ಬಾವಿಗೆ ಇಳಿಯದಂತೆ ಮಾಡಿದರು, ಬೋರ್ ಹಾಕಿದರು, ನೀರಿಗೆ ಔಷಧಿ ಹಾಕಿದರು, ಊರೂರು ಸುತ್ತಿ ರೋಗಿಗಳನ್ನು ಹುಡುಕಿದರು. 1996ರಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ರೋಗಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ರೋಗವೇ ಹೋದ ಮೇಲೆ ಇಲ್ಲಿ ಅದರ ಮೇಲೆ ಪೇಪರು ಬರೆಯುವವರು ಯಾರು? ಕೆಲಸ ಪೂರ್ತಿ ಗೆದ್ದಷ್ಟೂ ಉಲ್ಲೇಖ ಒಣಗುತ್ತಾ ಹೋಗುವ ವಿದ್ಯೆ ಇದು.

ಎರಡನೆಯದು ನಿಮ್ಮ ಅಂಗನವಾಡಿಯ ಕಪಾಟಿನಲ್ಲೇ ಇರಬೇಕು, ಓಆರ್‌ಎಸ್ ಪ್ಯಾಕೆಟ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಡ್ರಿಪ್ ಬಾಟಲಿ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕರ ಆಸುಪಾಸಿಗೆ ಇಳಿಯಿತು. ಅದು ಪೇಪರಾಗಿ ಬಂದದ್ದು 1973ರಲ್ಲಿ. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಈ ಚಿಕಿತ್ಸೆಯನ್ನು ಬಹುಶಃ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಎಂದಿತು. ಭಾರತ ಸರ್ಕಾರ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ. ಅಷ್ಟರಲ್ಲಿ ಅವರು ತೀರಿಹೋಗಿ ಕೆಲವು ತಿಂಗಳಾಗಿತ್ತು. ನೀವು ಭೇದಿಯಾದ ಮಗುವಿನ ತಾಯಿಗೆ ಪ್ಯಾಕೆಟ್ ಕೊಟ್ಟು ‘ಒಂದು ಲೀಟರ್ ನೀರಿಗೆ ಹಾಕು’ ಅನ್ನುತ್ತೀರಲ್ಲ, ಅದನ್ನು ಯಾವ ಸ್ಕೋಪಸ್ಸೂ ಉಲ್ಲೇಖ ಅಂತ ಎಣಿಸುವುದಿಲ್ಲ.

ಇನ್ನು ಡೆಂಗಿ. ಅಲ್ಲಿ ತಿಳಿವಳಿಕೆ ಬಡತನ ಇಲ್ಲ. ಈಡಿಸ್ ಸೊಳ್ಳೆ ಕೂಡಿಟ್ಟ ಚೊಕ್ಕ ನೀರಲ್ಲಿ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ರೆಕ್ಕೆ ಬರಲು ಸುಮಾರು ವಾರದಿಂದ ಹತ್ತು ದಿನ, ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಬದುಕುತ್ತದೆ. ಎಲ್ಲ ಗೊತ್ತು. ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ ಒಣಗಿಸಿ ಅಂತ ನೀವೇ ಮನೆ ಮನೆಗೆ ಹೇಳಿಬರುತ್ತೀರಿ. ಆದರೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಯಾವ ತಾಯಿ ತುಂಬಿದ ಡ್ರಮ್ಮು ಚೆಲ್ಲುತ್ತಾಳೆ ಹೇಳಿ? ಇಲ್ಲಿ ಬೇಕಾದದ್ದು ಇನ್ನೊಂದು ಪೇಪರಲ್ಲ, ದಿನಾ ಬರುವ ನೀರು. ಹೀಗಾಗಿ ಒಬ್ಬ ಸಂಶೋಧಕರನ್ನು ಅಳೆಯುವಾಗ ಅವರ ಮಾತು ಯಾವ ಚಿಕಿತ್ಸಾ ಮಾರ್ಗಸೂಚಿಗೆ ಸೇರಿತು, ಯಾವ ಲಸಿಕೆಯೊಳಗೆ ಹೋಯಿತು, ಯಾವ ಪಂಚಾಯಿತಿಯ ಕೆಲಸ ಬದಲಾಯಿತು ಅಂತ ಕೇಳಬೇಕು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳನ್ನು ಅಳೆಯುವಾಗ 2014ರಿಂದ ಇಂಥ ಕತೆಗಳನ್ನೂ ಪುರಾವೆ ಸಮೇತ ಬರೆಸಿಕೊಳ್ಳುತ್ತಾರೆ. ಆಗ ಅದಕ್ಕೆ ನೂರಕ್ಕೆ 20 ಅಂಕ, 2021ರಲ್ಲಿ 25 ಮಾಡಿದರು. ಕತೆ ಕಟ್ಟುವ ಗಿರಾಕಿಗಳು ಅಲ್ಲೂ ಇದ್ದಾರೆ ಬಿಡಿ.

ಲಸಿಕೆ ಅಂದೆನಲ್ಲ. ಭತ್ತದ ಗದ್ದೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರ ಬಳ್ಳಾರಿ ಕಡೆಗೆ ಹೊಸದಲ್ಲ. ಅದಕ್ಕೆ 2013ರಲ್ಲಿ ಬಂದ ದೇಶಿ ಲಸಿಕೆ ಜೆನ್ವ್ಯಾಕ್ ತಯಾರಾದದ್ದು ನಮ್ಮ ಕೋಲಾರದಲ್ಲಿ ಸಿಕ್ಕ ವೈರಸ್‌ನಿಂದ.

ಪ್ರಶ್ನೆ: ‘ಗೌರವಾನ್ವಿತ ಖ್ಯಾತ ಪ್ರಾಧ್ಯಾಪಕರೆ’ ಅಂತ ಶುರುವಾಗುವ ಮೇಲ್ ಬಂದಿದೆ. ನಾನಿನ್ನೂ ಎಂ.ಡಿ. ಎರಡನೇ ವರ್ಷದ ವಿದ್ಯಾರ್ಥಿ. ಏಳು ದಿನದಲ್ಲಿ ಪೇಪರು ಹಾಕುತ್ತಾರಂತೆ, ಇಂಪ್ಯಾಕ್ಟ್ ಫ್ಯಾಕ್ಟರ್ 8.2 ಅಂತೆ, 4,000 ರೂಪಾಯಿ. ಕಳಿಸಲಾ?
– ಬಳ್ಳಾರಿ

ಬೇಡ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಪೇಪರುಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಅನ್ನುವುದು. ಅದನ್ನು ಅಧಿಕೃತವಾಗಿ ಕೊಡುವುದು ಕ್ಲಾರಿವೇಟ್ ಕಂಪನಿ ಒಂದೇ. ಇವರು ಯಾರೋ ‘ಗ್ಲೋಬಲ್’ ಅಂತ ಹೆಸರಿಟ್ಟುಕೊಂಡವರಿಂದ ಕೊಂಡದ್ದು ಇರುತ್ತದೆ. ಕ್ಲಾರಿವೇಟ್‌ನ ಪತ್ರಿಕೆಗಳ ಪಟ್ಟಿ ಜಾಲತಾಣದಲ್ಲಿ ಬಿಟ್ಟಿ ನೋಡಬಹುದು, ಪತ್ರಿಕೆಯ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್ ಹಾಕಿ ಹುಡುಕಿ. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಇದ್ದರೂ ಅದು ಪತ್ರಿಕೆಯ ಅಂಕಿ, ನಿಮ್ಮದಲ್ಲ. ಕೋವಿಡ್ ಕಾಲದಲ್ಲಿ ಲ್ಯಾನ್ಸೆಟ್‌ನದು ಸುಮಾರು 79ರಿಂದ 202ಕ್ಕೆ ಹಾರಿತು, ಹಾಗಂತ ಅಲ್ಲಿ ಬರೆದ ಪ್ರತಿಯೊಬ್ಬರೂ ಎರಡೂವರೆ ಪಟ್ಟು ಜಾಣರಾಗಲಿಲ್ಲ.

ಈಗಾಗಲೇ ಪೇಪರು ಕಳಿಸಿಬಿಟ್ಟಿದ್ದರೆ ದುಡ್ಡು ಕಟ್ಟಬೇಡಿ, ಕಾಪಿರೈಟ್ ಫಾರ್ಮಿಗೆ ಸಹಿ ಹಾಕಬೇಡಿ. ‘ನನ್ನ ಪೇಪರನ್ನು ಹಿಂಪಡೆಯುತ್ತಿದ್ದೇನೆ, ಪ್ರಕಟಿಸಕೂಡದು’ ಅಂತ ಇವತ್ತೇ ಮೇಲ್ ಹಾಕಿ ಪ್ರತಿ ಇಟ್ಟುಕೊಳ್ಳಿ. ಅಲ್ಲಿ ಒಮ್ಮೆ ಅಚ್ಚಾದರೆ ಅದೇ ಪೇಪರನ್ನು ಒಳ್ಳೆಯ ಪತ್ರಿಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಗೈಡಿಗೂ ಹೇಳಿ, ಬೈದರೂ ಪರವಾಗಿಲ್ಲ.